ಮೂವತ್ತಕ್ಕೆ ಒಂದು

ಮೊದಲ ಆರು ಕಿಲೋಮೀಟರು ಬಲಗಡೆಗೇ ಕಣ್ಣು.
ಅಲ್ಲಿ ಕನ್ನಡಿಯಿಲ್ಲ.
ವಾರಕ್ಕೆ ಐದು ದಿನ ಮೆಲ್ಬರ್ನಿನಲ್ಲಿ ಬಸ್ಸು ಓಡಿಸುವವಳ ಕತ್ತು,
ಹಿಂದೆ ಯಾರೋ ಅಂಟಿಕೊಂಡೇ ಬರುತ್ತಿರಬೇಕೆಂದು
ಇಲ್ಲೂ ಹೊರಳುತ್ತದೆ.
ಬರುತ್ತಿರುವುದು ನನ್ನದೇ ನೆರಳು,
ಅದಕ್ಕೂ ಒಂದು ಸೈಕಲ್ಲು, ಅದಕ್ಕೂ ಎರಡು ಚೀಲ.

ಓವೆನ್ಸ್ ಕಣಿವೆಯಲ್ಲಿ ಒಂದು ಕಾಲಕ್ಕೆ ರೈಲಿತ್ತು.
ಹಳಿ ಕಿತ್ತು ಮಾರಿದರು. ಸ್ಲೀಪರುಗಳು
ಯಾರದೋ ಹಿತ್ತಲಿನ ಮೆಟ್ಟಿಲಾದವು.
ಉಳಿದದ್ದು ದಾರಿಯ ಸ್ವಭಾವ:
ಗಕ್ಕನೆ ಏರದು, ಗಕ್ಕನೆ ಇಳಿಯದು,
ತಿರುಗಬೇಕಾದರೆ ಎಷ್ಟೋ ದೂರದಿಂದಲೇ
ಹೇಳಿಕೊಂಡು ತಿರುಗುತ್ತದೆ.

ಅಪ್ಪ ಗದಗ–ಹುಟಗಿ ಮಾರ್ಗದಲ್ಲಿ ಕೀಮನ್.
ಹೆಗಲಿಗೆ ಸುತ್ತಿಗೆ, ದಿನಕ್ಕೆ ಎಂಟು ಮೈಲಿ,
ಸಡಿಲಾದ ಕೀಲಿಗೆ ಒಂದು ಪೆಟ್ಟು,
ಸಡಿಲಾಗದ್ದಕ್ಕೂ ಒಂದು, ಮಾತಾಡಿಸಿದ ಹಾಗೆ.
ಹಳಿ ಪಕ್ಕದ ಬಿಳಿ ಹಲಗೆ ತೋರಿಸಿ ಓದಿಸುತ್ತಿದ್ದ:
'ನೂರಕ್ಕ ಒಂದು. ನೂರು ಹೆಜ್ಜಿ ನಡದ್ರ
ಒಂದು ಹೆಜ್ಜಿ ಮ್ಯಾಲ ಹೋಗಿರ್ತಿ. ಗೊತ್ತಾಗಂಗಿಲ್ಲ ನೋಡು.'
ನನಗೆ ಗೊತ್ತಾಗುತ್ತಿತ್ತು. ಹೇಳುತ್ತಿರಲಿಲ್ಲ.

ಬೌಮನ್ ದಾಟಿದ ಮೇಲೆ ಮ್ಯಾಗ್‌ಪೈ.
ಸೆಪ್ಟೆಂಬರಿನಲ್ಲಿ ಗೂಡು ಕಾಯುವ ಗಂಡುಹಕ್ಕಿ,
ಕರಿಕೋಟು ಬಿಳಿಪಟ್ಟಿಯ ವಕೀಲ,
ಹಿಂದಿನಿಂದ ಬಂದು ಹೆಲ್ಮೆಟ್ಟಿಗೆ ಟಕ್ಕೆಂದು ಕುಕ್ಕಿ
ವಾದ ಮುಗಿಸಿ ಹೊರಟೇ ಹೋಯಿತು.
ನೋಡದೆ ಬಿಟ್ಟ ಒಂದೇ ಗಳಿಗೆಯಲ್ಲಿ!
ಗಾಬರಿಗೆ ಅಂಚಿನ ಕಲ್ಲಿಗೆ ಹತ್ತಿಸಿದೆ.
ಹಿಂದಿನ ಟ್ಯೂಬು ನಿಟ್ಟುಸಿರು ಬಿಟ್ಟಿತು.

ಎದುರಿನಿಂದ ಬಂದವಳು ಅಸುಂತಾ ಪೆಲಿಝಾರಿ,
ವಯಸ್ಸು ಎಪ್ಪತ್ತಾರು. ಹೆಲ್ಮೆಟ್ಟಿನ ತುಂಬ
ನೆಟ್ಟಗೆ ನಿಂತ ಪ್ಲಾಸ್ಟಿಕ್ ಕಡ್ಡಿಗಳು,
ಮುಳ್ಳುಹಂದಿ ಬೀಗರ ಮನೆಗೆ ಹೊರಟ ಹಾಗೆ.
'ಅವನಿಗೆ ನನ್ನ ಮುಖಪರಿಚಯ ಉಂಟು,
ಬೆನ್ನಿನ ಪರಿಚಯ ಇಲ್ಲ' ಎಂದಳು ಇಳಿಯುತ್ತ.
ಟ್ಯೂಬಿಗೆ ಗಾಳಿ ಊದಿ, ತುಟಿಯ ಹತ್ತಿರ ತಂದು
ಸುತ್ತ ಮೆಲ್ಲಗೆ ಹೊರಳಿಸಿದಳು. ತೂತು
ಅವಳ ಮೇಲ್ದುಟಿಗೆ ಸಿಕ್ಕಿತು.

ನಲವತ್ತು ವರ್ಷ ಹೊಗೆಸೊಪ್ಪು ಮುರಿದ ಬೆರಳು.
ಅಂಟು ಹೋಗಲು ಹಸಿ ಟೊಮ್ಯಾಟೊ ತಿಕ್ಕುತ್ತಿದ್ದರಂತೆ.
ಕೆಳಗೆ ಅವಳ ತಗಡಿನ ಬ್ಯಾರನ್ನುಗಳು ಇನ್ನೂ ನಿಂತಿವೆ,
ಒಂದರಲ್ಲಿ ದೋಣಿ, ಒಂದರಲ್ಲಿ ಮಗಳ ಪಿಯಾನೊ.
ಪ್ಯಾಚು ಒತ್ತಿ ಹಿಡಿದು, ಒಣಗುವ ತನಕ ಹೇಳಿದಳು:
'ರೈಲಿದ್ದಾಗ ಈ ದಾರಿ ನಮಗೆ ಅಡ್ಡ ದಾಟಲಿಕ್ಕಷ್ಟೆ.
ಗೇಟು, ಗಂಟೆ, ಓಡು ಓಡು.
ಉದ್ದಕ್ಕೆ ಹೋದರೆ ಎಲ್ಲಿಗೆ ಮುಟ್ಟುತ್ತದೆಂದು
ಅರವತ್ತಾದ ಮೇಲೆ ನೋಡಿದೆ.'
ಅಷ್ಟೆ. ಹೆಸರು ಕೇಳಿದಳು, ಎರಡು ಸಲ ಹೇಳಿಸಿದಳು,
ಇಂದುಮತಿ, ಇಂದುಮತಿ,
ನಡುವಿನ 'ದು' ನುಂಗಿಕೊಂಡು ಹೋದಳು.

ಟೇಲರ್ ಗ್ಯಾಪಿನ ಏರು.
ಹಲಗೆ ಎಲ್ಲೂ ಇಲ್ಲ, ತೊಡೆ ಓದುತ್ತದೆ:
ಮೂವತ್ತಕ್ಕೆ ಒಂದು.
ಅಪ್ಪ, ಇದು ಗೊತ್ತಾಗುವಂಥದ್ದು.
ಇಂಜಿನ್ನು ಇಲ್ಲಿ ಮರಳು ಉದುರಿಸಿಕೊಂಡು
ಎದ್ದೂ ಬಿದ್ದೂ ಹತ್ತಿರಬೇಕು.
ನಾನು ಎಣಿಸಿಕೊಂಡು ತುಳಿದೆ, ಮೂವತ್ತರ ತನಕ,
ಮತ್ತೆ ಒಂದರಿಂದ.
ಚೀಲದ ಕೊಂಡಿ ಗಡಗಡ ಅಂದಿತು ಎಲ್ಲೋ,
ನಿಲ್ಲಿಸಲಿಲ್ಲ. ನೀನಾದರೆ ನಿಲ್ಲಿಸುತ್ತಿದ್ದೆ.

ಮೇಲೆ, ಮರಗಳ ಸಂದಿನಲ್ಲಿ ಬಫಲೊ ಬೆಟ್ಟ,
ನೀಲಿ, ಬರಿಗಲ್ಲು,
ಊಟವಾಗಿ ಅಡ್ಡಬಿದ್ದವರ ಹೊಟ್ಟೆ.
ಅಲ್ಲಿಂದ ಕೆಳಗೆ ಪೆಡಲು ಬೇಕಿಲ್ಲ.
ನೀಲಗಿರಿ ಎಲೆಯ ಬಿಸಿಲುವಾಸನೆ,
ಚಕ್ರದ ಟಿಕಿಟಿಕಿ, ಹೊಲದಾಚೆ ಯಾರದೋ ನಾಯಿ,
ಗಂಟಲಲ್ಲಿ ಇದ್ದಕ್ಕಿದ್ದಂತೆ ಒಂದು ಕೂಗು,
ಕೂಗಿಯೂ ಬಿಟ್ಟೆ. ಕುರಿಗಳು ತಲೆ ಎತ್ತಿದವು.

ಮರ್ಟಲ್‌ಫರ್ಡಿಗೆ ಮುಂಚೆ ಒಂದು ನಿಜವಾದ ರಸ್ತೆ ಅಡ್ಡ.
ಬ್ರೇಕು ಹಿಡಿದು ಕಾಲೂರಿದೆ.
ಹಾಲಿನ ಟ್ಯಾಂಕರೂ ನಿಂತಿತು.
ಅವನು ಕೈ ಬೀಸಿದ, ನೀ ಹೋಗು.
ನಾನು ಬೀಸಿದೆ, ನೀ ಹೋಗು.
ಇಪ್ಪತ್ತು ಟನ್ನು ಹಾಲು, ಒಂದು ಹೆಂಗಸು,
ನಡುವೆ ಖಾಲಿ ಡಾಂಬರು.
ಅಭ್ಯಾಸಕ್ಕೆ ಬಲಗಡೆ ನೋಡಿದೆ.
ಹಿಂದೆ ಯಾರೂ ಹಾರ್ನು ಹೊಡೆಯುತ್ತಿರಲಿಲ್ಲ.